ನಕಾಲಾದಿಂದ ಕಲಬುರಗಿಗೆ ಹನ್ನೆರಡು ಕಂಟೇನರ್ ತೊಗರಿ: ನಷ್ಟದಲ್ಲಿ ಕಡಲ್ಗಳ್ಳರ ಪಾಲು ಎಷ್ಟು?

ಕಲಬುರಗಿಯ ದಾಲ್ ಮಿಲ್ಲೊಂದರ ಲೆಕ್ಕಪತ್ರಗಳನ್ನು ನಾನು ಹಲವು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. 2024ರ ಮಾರ್ಚ್ ಕೊನೆಯಲ್ಲಿ ವರ್ಷದ ಖಾತೆ ಮುಗಿಸಲು ಕುಳಿತಾಗ, ಒಂದೇ ಆಮದು ವ್ಯವಹಾರದಲ್ಲಿ ಸುಮಾರು 16 ಲಕ್ಷ ರೂಪಾಯಿ ಹೆಚ್ಚುವರಿ ಖರ್ಚು ಬಿದ್ದಿರುವುದು ಕಂಡಿತು. ಮಾಲೀಕರನ್ನು ಕೇಳಿದರೆ ಒಂದೇ ಉತ್ತರ: "ಸಮುದ್ರದಾಗ ಕಳ್ಳರು ಕುಂತಾರ್ರೀ, ಅವರೇ ತಿಂದಾರ." ಗಂಜಿನಲ್ಲಿ, ಅಂದರೆ ಇಲ್ಲಿನ ಧಾನ್ಯ ಮಾರುಕಟ್ಟೆಯಲ್ಲಿ, ಆ ತಿಂಗಳುಗಳಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತಿತ್ತು. ಈ ಮಾತು ಎಷ್ಟರ ಮಟ್ಟಿಗೆ ನಿಜ ಎಂದು ಬಿಲ್ಲು, ಬ್ಯಾಂಕ್ ಕಾಗದ ಮತ್ತು ಹಡಗಿನ ದಾಖಲೆಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸಿದ ವಿವರವೇ ಈ ಬರಹ. ಗಿರಣಿಯ ಹೆಸರನ್ನಾಗಲಿ, ಮುಂಬೈ ಆಮದುದಾರರ ಮತ್ತು ಹಡಗು ಕಂಪನಿಯ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡಗೆ ಮಾಡಿಕೊಂಡಿದ್ದೇನೆ.

ತೊಗರಿಯ ನಾಡಿಗೆ ಹೊರಗಿನ ತೊಗರಿ ಏಕೆ

ಹೊರಗಿನವರಿಗೆ ಮೊದಲು ಹೊಳೆಯುವ ಪ್ರಶ್ನೆ ಇದೇ. ಕಲಬುರಗಿ ಕರ್ನಾಟಕದ ತೊಗರಿ ಕಣಜ. ಇಲ್ಲಿನ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆದರೆ ದೇಶದಲ್ಲಿ ಬೆಳೆಯುವ ತೊಗರಿ ದೇಶದ ಅಡುಗೆಮನೆಗೆ ಸಾಲುವುದಿಲ್ಲ. ಉತ್ಪಾದನೆ ಇತ್ತೀಚಿನ ವರ್ಷಗಳಲ್ಲಿ 33–34 ಲಕ್ಷ ಟನ್ನಿನ ಆಸುಪಾಸಿನಲ್ಲಿದ್ದರೆ, ಬೇಡಿಕೆ ಅದಕ್ಕಿಂತ ಸುಮಾರು 10 ಲಕ್ಷ ಟನ್ ಹೆಚ್ಚಿದೆ. ಆ ಕೊರತೆಯನ್ನು ತುಂಬುವುದು ಮುಖ್ಯವಾಗಿ ಮೊಜಾಂಬಿಕ್, ಮ್ಯಾನ್ಮಾರ್, ತಾಂಜಾನಿಯಾ ಮತ್ತು ಮಲಾವಿ. ಮೊಜಾಂಬಿಕ್ ಜೊತೆ ಭಾರತ ಸರ್ಕಾರ 2016ರಲ್ಲೇ ಒಡಂಬಡಿಕೆ ಮಾಡಿಕೊಂಡಿದ್ದು, ನಂತರ ಅದನ್ನು ವರ್ಷಕ್ಕೆ 2 ಲಕ್ಷ ಟನ್ನಿನ ಪ್ರಮಾಣದಲ್ಲಿ ಮುಂದುವರಿಸಿದೆ. 2021ರ ಮೇ ತಿಂಗಳಿನಿಂದ ತೊಗರಿ ಆಮದು ಮುಕ್ತವಾಗಿದೆ. ಹೀಗಾಗಿ ಮೊಜಾಂಬಿಕ್‌ನ ಗಜರಿ, ತಾಂಜಾನಿಯಾದ ಅರುಶಾ, ಬರ್ಮಾದ ಲೆಮನ್ ಎಂಬ ಹೆಸರುಗಳು ನಮ್ಮ ಅಡತ್ (ದಲ್ಲಾಳಿ) ಅಂಗಡಿಗಳಲ್ಲಿ ಊರಿನ ತಳಿಗಳ ಹೆಸರಿನಷ್ಟೇ ಸಲೀಸಾಗಿ ಓಡಾಡುತ್ತವೆ.

2023ರಲ್ಲಿ ಈ ಅವಲಂಬನೆ ಇನ್ನಷ್ಟು ಹೆಚ್ಚಿತ್ತು. ಹಿಂದಿನ ವರ್ಷ ನೆಟೆ ರೋಗ ಜಿಲ್ಲೆಯ ಹೊಲಗಳನ್ನು ಒಣಗಿಸಿತ್ತು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಗಿರಣಿ ನಡೆಯಬೇಕಾದರೆ ಕಾಳು ಬೇಕು, ಕಾಳು ಸಮುದ್ರದಾಚೆ ಇತ್ತು.

ವ್ಯವಹಾರ ನಡೆದ ಬಗೆ

2023ರ ಅಕ್ಟೋಬರಿನಲ್ಲಿ ಮುಂಬೈ ಆಮದುದಾರರೊಬ್ಬರಿಂದ ಹನ್ನೆರಡು ಕಂಟೇನರ್ ಮೊಜಾಂಬಿಕ್ ತೊಗರಿಗೆ ಒಪ್ಪಂದವಾಯಿತು. ಕಂಟೇನರಿಗೆ 24 ಟನ್, ಒಟ್ಟು 288 ಟನ್. ಕೆಜಿಗೆ 90 ರೂಪಾಯಿಯಂತೆ ಹಿಡಿದರೆ ಮಾಲಿನ ಬೆಲೆ 2 ಕೋಟಿ 59 ಲಕ್ಷ 20 ಸಾವಿರ ರೂಪಾಯಿ. ಹಡಗು ಹೊರಟ ಮೇಲೆ, ದಂಡೆ ಮುಟ್ಟುವ ಮೊದಲೇ, ಕಾಗದಗಳ ಮೇಲೆ ಹಕ್ಕು ಕೈಬದಲಾಗುವ ಹೈ ಸೀ ಸೇಲ್ ಪದ್ಧತಿಯಲ್ಲಿ ಖರೀದಿ. ಮಾಲು ಉತ್ತರ ಮೊಜಾಂಬಿಕ್‌ನ ನಕಾಲಾ ಬಂದರಿನಲ್ಲಿ ಹಡಗೇರಿ, ಅರಬ್ ದೇಶಗಳ ಕಡೆಯ ಅರಬ್ಬೀ ದಂಡೆಯ ಒಂದು ದೊಡ್ಡ ಬಂದರಿನಲ್ಲಿ ಬೇರೆ ಹಡಗಿಗೆ ಬದಲಾಗಿ, ನವಿ ಮುಂಬೈಯ ನವಾ ಶೇವಾಕ್ಕೆ ಬಂದು, ಅಲ್ಲಿಂದ ಸೋಲಾಪುರದ ಮೇಲೆ ಲಾರಿಯಲ್ಲಿ ಕಲಬುರಗಿ ಸೇರಬೇಕು. ಗಿರಣಿಗೆ ಮುಟ್ಟುವ ದಿನವೆಂದು ಆಮದುದಾರರು ಬಾಯಿಮಾತಿನಲ್ಲಿ ಹೇಳಿದ್ದು ಡಿಸೆಂಬರ್ 15.

ಆ ಬಾಯಿಮಾತನ್ನು ನಂಬಿ ಗಿರಣಿ ಒಂದು ಕೆಲಸ ಮಾಡಿತು: ಬೆಂಗಳೂರಿನ ಖರೀದಿದಾರರಿಗೆ ಡಿಸೆಂಬರ್ 31ರೊಳಗೆ 60 ಟನ್ ಫಟ್ಕಾ (ಮೇಲ್ದರ್ಜೆಯ) ಬೇಳೆ ಕೊಡುವುದಾಗಿ ಮುಂಗಡ ದರ ಕಟ್ಟಿ ಒಪ್ಪಿಕೊಂಡಿತು. ಒಪ್ಪಿಕೊಳ್ಳಬಹುದೇ ಎಂದು ನನ್ನನ್ನು ಕೇಳಿದ್ದರು. ಹದಿನೈದು ದಿನದ ಅಂತರವಿದೆಯಲ್ಲ, ಸಾಕು ಎಂದು ನಾನೇ ತಲೆಯಾಡಿಸಿದ್ದೆ. ಈ ಪ್ರಕರಣದ ಅತಿ ದುಬಾರಿ ತಪ್ಪು ಅದೇ.

ಮಾಲು ಗಿರಣಿಯ ಅಂಗಳಕ್ಕೆ ಬಂದದ್ದು 2024ರ ಫೆಬ್ರವರಿ 9ರಂದು, ಅಂದರೆ 56 ದಿನ ತಡವಾಗಿ. ಆ ದಿನಗಳಲ್ಲಿ ಗಿರಣಿಯ ಲೆಕ್ಕ ಬರೆಯುವ ಮುನೀಮರು ಬೆಳಿಗ್ಗೆ ಗಲ್ಲಾ ಪೆಟ್ಟಿಗೆಗೆ ಊದುಬತ್ತಿ ಹಚ್ಚಿದ ಕೂಡಲೇ ಮುಂಬೈಯ ಕ್ಲಿಯರಿಂಗ್ ಏಜೆಂಟರಿಗೆ ಫೋನು ಹಚ್ಚುತ್ತಿದ್ದರು. "ನಮ್ಮ ಮಾಲ್ ಬಂತೇನ್ರೀ?" ಎಂಬ ಪ್ರಶ್ನೆಗೆ ಆ ಕಡೆಯಿಂದ ಬರುತ್ತಿದ್ದ ಉತ್ತರವನ್ನು ಅವರು ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು: "ಹಡಗು ಹತ್ತಿಲ್ಲ", "ಹಡಗು ಹತ್ತಿದೆ", "ಇಳಿಸಿದ್ದಾರೆ, ಬೇರೆ ಹಡಗು ಇಲ್ಲ", "ಬೇರೆ ಹಡಗು ಇಲ್ಲ", "ಬೇರೆ ಹಡಗು ಇಲ್ಲ". ತಡವನ್ನು ಬಿಡಿಸಿ ನೋಡಲು ನನಗೆ ಹಡಗು ಕಂಪನಿಯ ಯಾವ ಹೇಳಿಕೆಗಿಂತಲೂ ಈ ಕ್ಯಾಲೆಂಡರ್ ಹೆಚ್ಚು ಉಪಯೋಗಕ್ಕೆ ಬಂತು.

ಐವತ್ತಾರು ದಿನಗಳ ವಿಂಗಡಣೆ

ಮೊದಲ 24 ದಿನ ಕಳೆದದ್ದು ನಕಾಲಾದಲ್ಲೇ. ಆ ಋತುವಿನಲ್ಲಿ ಅಲ್ಲಿನ ರಫ್ತುದಾರರ ನಡುವಿನ ವ್ಯಾಜ್ಯ ಕೋರ್ಟು ಹತ್ತಿ, ರಫ್ತಿನ ಕಾಗದಪತ್ರಗಳು ಸಿಕ್ಕಿಹಾಕಿಕೊಂಡು, ಭಾರತಕ್ಕೆ ಬರಬೇಕಾದ ತೊಗರಿ ದೊಡ್ಡ ಪ್ರಮಾಣದಲ್ಲಿ ಬಂದರಿನಲ್ಲೇ ಕೊಳೆಯುತ್ತಿತ್ತು. ಇದರಲ್ಲಿ ಯಾವ ಕಡಲ್ಗಳ್ಳನ ಕೈಯೂ ಇಲ್ಲ.

ಮುಂದಿನ 3 ದಿನ ನಕಾಲಾದಿಂದ ಅರಬ್ಬೀ ದಂಡೆಗೆ ಬರುವ ದಾರಿಯಲ್ಲಿ ಕಳೆದವು. ಭೂಪಟ ತೆಗೆದು ನೋಡಿದರೆ ಈ ದಾರಿ ಸೊಮಾಲಿಯಾದ ಉದ್ದನೆಯ ಕರಾವಳಿಗೆ ಎದುರಾಗಿಯೇ ಹೋಗುತ್ತದೆ. ಸೊಮಾಲಿ ಕಡಲ್ಗಳ್ಳತನ 2008ರಿಂದ 2012ರವರೆಗೆ ಉತ್ತುಂಗದಲ್ಲಿದ್ದು, ನೌಕಾಪಡೆಗಳ ಗಸ್ತು ಮತ್ತು ಹಡಗಿನ ಮೇಲೆ ಶಸ್ತ್ರಸಜ್ಜಿತ ಕಾವಲುಗಾರರನ್ನು ಇಡುವ ಪದ್ಧತಿಯಿಂದ ತಣ್ಣಗಾಗಿತ್ತು. 2023ರ ಡಿಸೆಂಬರ್ 14ರಂದು ಎಂ.ವಿ. ರುಯೆನ್ ಎಂಬ ಸರಕು ಹಡಗನ್ನು ಅಪಹರಿಸುವುದರೊಂದಿಗೆ ಅದು ಮತ್ತೆ ಹೆಡೆಯೆತ್ತಿತು. ಕಳ್ಳರು ಇಂಥ ದೊಡ್ಡ ಹಡಗನ್ನು ಒತ್ತೆಹಣಕ್ಕಾಗಿ ಮಾತ್ರ ಹಿಡಿಯುವುದಿಲ್ಲ. ಅದನ್ನು ತಾಯಿಹಡಗಾಗಿ ಬಳಸಿಕೊಂಡು, ಸಣ್ಣ ವೇಗದ ದೋಣಿಗಳನ್ನು ದಂಡೆಯಿಂದ ನೂರಾರು ಮೈಲಿ ಆಚೆಗೆ ಒಯ್ದು ಇನ್ನೊಂದು ಬೇಟೆ ಆಡುತ್ತಾರೆ. ಆದ್ದರಿಂದ ದಂಡೆಯಿಂದ ದೂರ ಸರಿದರೆ ಸಾಕು ಎಂಬ ಹಳೆಯ ಉಪಾಯ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಆದರೂ ಕ್ಯಾಪ್ಟನ್‌ಗಳು ಪೂರ್ವಕ್ಕೆ ಸರಿದೇ ಸರಿಯುತ್ತಾರೆ. ನಮ್ಮ ಹಡಗೂ ಸರಿಯಿತು.

ಉಳಿದ ಪ್ರಮುಖ ಭಾಗವಾದ 21 ದಿನ ಹಡಗು ಬದಲಿಸುವ ಬಂದರಿನಲ್ಲಿ ಕಳೆಯಿತು. ನಮ್ಮ ಕಂಟೇನರುಗಳನ್ನು ಎತ್ತಿಕೊಳ್ಳಬೇಕಾಗಿದ್ದ ಹಡಗು ಯೂರೋಪಿನಿಂದ ಸೂಯೆಜ್ ಮತ್ತು ಕೆಂಪು ಸಮುದ್ರದ ಮೂಲಕ ಬರುವ ಸೇವೆಯದು. ಯೆಮನ್‌ನ ಹೂತಿ ಬಂಡುಕೋರರು ನವೆಂಬರ್ 19ರಂದು ಗ್ಯಾಲಕ್ಸಿ ಲೀಡರ್ ಹಡಗನ್ನು ಹೆಲಿಕಾಪ್ಟರಿನಿಂದ ಇಳಿದು ವಶಪಡಿಸಿಕೊಂಡ ಮೇಲೆ, ಡಿಸೆಂಬರ್ ಮಧ್ಯಭಾಗದಲ್ಲಿ ದೊಡ್ಡ ಕಂಟೇನರ್ ಕಂಪನಿಗಳು ಒಂದರ ಹಿಂದೊಂದು ಕೆಂಪು ಸಮುದ್ರವನ್ನು ಕೈಬಿಟ್ಟು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿಕೊಂಡು ಬರತೊಡಗಿದವು. ಏಷ್ಯಾ–ಯೂರೋಪ್ ಪ್ರಯಾಣಕ್ಕೆ ಇದರಿಂದ 10ರಿಂದ 14 ದಿನ ಹೆಚ್ಚು ಹಿಡಿಯಿತು. ಸುತ್ತಿ ಬರುವ ಹಡಗಿಗೆ ಅರಬ್ಬೀ ದಂಡೆಯ ಬಂದರು ದಾರಿಯಲ್ಲಿ ಸಿಗುವುದಿಲ್ಲ. ಅದು ನೇರವಾಗಿ ಭಾರತಕ್ಕೆ ಹೋಗುತ್ತದೆ. ನಮ್ಮ ತೊಗರಿ ಕೆಂಪು ಸಮುದ್ರದ ಒಂದು ಹನಿ ನೀರನ್ನೂ ಮುಟ್ಟುವ ಅಗತ್ಯವಿರಲಿಲ್ಲ. ಕೆಂಪು ಸಮುದ್ರದ ದಾರಿ ಮುಚ್ಚಿದ್ದರಿಂದ ಅದನ್ನು ಎತ್ತಿಕೊಳ್ಳುವ ಹಡಗೇ ಬರಲಿಲ್ಲ, ಅಷ್ಟೆ. ಕರಾವಳಿಯ ಜಲಮಾರ್ಗವೊಂದು ಕೆಟ್ಟರೆ ಅದರ ಪೆಟ್ಟು ಆ ಮಾರ್ಗದಲ್ಲಿ ಹೋಗುವವರಿಗಿಂತ ಪಕ್ಕದ ಮಾರ್ಗದವರಿಗೆ ಹೇಗೆ ತಗಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆಯನ್ನು ನಾನು ಕಂಡಿಲ್ಲ.

ಕೊನೆಯ 8 ದಿನ ನವಾ ಶೇವಾದ ದಟ್ಟಣೆ, ಮಾದರಿ ಪರೀಕ್ಷೆ ಮತ್ತು ಲಾರಿಗಳಿಗೆ ಹೋಯಿತು. ಅದು ಪ್ರತಿ ವರ್ಷದ ಕಥೆ.

ಕಳ್ಳ ಯಾರು, ಕಳ್ಳನಲ್ಲದವನು ಯಾರು

ಗಂಜಿನ ಮಾತಿನಲ್ಲಿ ಸೊಮಾಲಿಗಳೂ ಹೂತಿಗಳೂ ಇಬ್ಬರೂ ಕಳ್ಳರೇ. ಕಾನೂನಿನ ಪ್ರಕಾರ ಹಾಗಲ್ಲ. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ 101ನೆಯ ವಿಧಿಯಂತೆ ಕಡಲ್ಗಳ್ಳತನ ಎನಿಸಬೇಕಾದರೆ ಕೃತ್ಯವು ಯಾವ ದೇಶದ ವ್ಯಾಪ್ತಿಗೂ ಸೇರದ ಸಮುದ್ರದಲ್ಲಿ, ಒಂದು ಹಡಗಿನವರು ಇನ್ನೊಂದರ ಮೇಲೆ, ಖಾಸಗಿ ಉದ್ದೇಶಕ್ಕಾಗಿ ನಡೆಸಿದ್ದಾಗಿರಬೇಕು. ಒತ್ತೆಹಣಕ್ಕಾಗಿ ಹಡಗು ಹಿಡಿಯುವ ಸೊಮಾಲಿ ಈ ವ್ಯಾಖ್ಯೆಯೊಳಗೆ ಸರಿಯಾಗಿ ಕೂರುತ್ತಾನೆ. ಗಾಜಾ ಯುದ್ಧವನ್ನು ಕಾರಣವಾಗಿ ಮುಂದಿಟ್ಟು ಕ್ಷಿಪಣಿ ಹಾರಿಸುವ ಹೂತಿ ಅದರೊಳಗೆ ಕೂರುವುದು ಕಷ್ಟ. ಇದು ಬರೀ ಪಂಡಿತರ ಚರ್ಚೆಯಾಗಿದ್ದರೆ ನಾನು ಇಲ್ಲಿ ಎತ್ತುತ್ತಿರಲಿಲ್ಲ. ಆದರೆ ನಮ್ಮ ವಿಮಾ ಪಾಲಿಸಿಯ ಪುಟಗಳು ಈ ಗೆರೆಯ ಮೇಲೆಯೇ ನಿಂತಿವೆ.

ಸರಕು ವಿಮೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಶಾಲ ರಕ್ಷಣೆಯ ಷರತ್ತು, ವ್ಯಾಪಾರಿಗಳು 'ಎ ಕ್ಲಾಜ್' ಎನ್ನುವ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ (ಎ), ಯುದ್ಧ ಮತ್ತು ವಶಪಡಿಕೆಯ ಅಪಾಯಗಳನ್ನು ಹೊರಗಿಡುವಾಗ ಕಡಲ್ಗಳ್ಳತನವನ್ನು ಮಾತ್ರ ಹೊರಗಿಡದೆ ಉಳಿಸಿಕೊಳ್ಳುತ್ತದೆ. ಅಂದರೆ ಸೊಮಾಲಿ ಕಳ್ಳ ಮಾಲು ಕದ್ದರೆ ಸಾಮಾನ್ಯ ಪಾಲಿಸಿಯಲ್ಲೇ ಪರಿಹಾರ. ಹೂತಿಯ ಕ್ಷಿಪಣಿಗೆ ಪ್ರತ್ಯೇಕ ಯುದ್ಧ ವಿಮೆ ಬೇಕು. ಮಾಲೀಕರಿಗೆ ಇದನ್ನು ಓದಿ ಹೇಳಿದಾಗ ಅವರ ಮುಖದಲ್ಲಿ ಸಮಾಧಾನ ಕಂಡಿತು. ಆದರೆ ಅದೇ ಷರತ್ತುಗಳಲ್ಲಿ ಇನ್ನೊಂದು ಸಾಲಿದೆ: ವಿಳಂಬದಿಂದ ಆದ ನಷ್ಟಕ್ಕೆ ಪರಿಹಾರವಿಲ್ಲ, ಆ ವಿಳಂಬಕ್ಕೆ ವಿಮೆ ಮಾಡಿಸಿದ ಅಪಾಯವೇ ಕಾರಣವಾಗಿದ್ದರೂ ಇಲ್ಲ. ಕಳ್ಳ ಕದ್ದರೆ ದುಡ್ಡುಂಟು, ಕಳ್ಳ ಕಾಯಿಸಿದರೆ ದುಡ್ಡಿಲ್ಲ. ಈ ಪ್ರಕರಣದಲ್ಲಿ ನಮ್ಮ ಒಂದು ಕಾಳನ್ನೂ ಯಾರೂ ಕದಿಯಲಿಲ್ಲ, ಆದದ್ದೆಲ್ಲ ಕಾಯುವಿಕೆ.

ಕಾಯುವಿಕೆಯನ್ನು ನಷ್ಟವೆಂದು ಸಾಧಿಸಲು ಬೇರೆಯವರೂ ಹೋಗಿ ಸೋತಿದ್ದಾರೆ. 2008ರ ಆಗಸ್ಟಿನಲ್ಲಿ ಬುಂಗಾ ಮೆಲಾತಿ ದುವಾ ಎಂಬ ಹಡಗನ್ನು ಸೊಮಾಲಿ ಕಳ್ಳರು ಹಿಡಿದಾಗ, ಅದರಲ್ಲಿದ್ದ ಜೈವಿಕ ಡೀಸೆಲ್ಲಿನ ಮಾಲೀಕರು ಮಾಲು ಪೂರ್ಣ ನಷ್ಟವಾಯಿತೆಂದು ವಿಮೆ ಕೇಳಿದರು. ಒತ್ತೆಹಣ ಕೊಟ್ಟು ಸುಮಾರು ಆರು ವಾರಗಳಲ್ಲಿ ಹಡಗು ಬಿಡುಗಡೆಯಾಯಿತು. ಹಣ ಕೊಟ್ಟರೆ ಮರಳುವ ಸಾಧ್ಯತೆ ಇರುವ ತನಕ ಮಾಲು ಕಳೆದುಹೋದಂತಲ್ಲ ಎಂದು 2011ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ತೀರ್ಪಿನ ತರ್ಕ ತಪ್ಪೆನ್ನಲಾರೆ. ಆದರೆ ಹಬ್ಬ ಕಳೆದ ಮೇಲೆ ಬಂದ ಹೂವಿಗೆ ಏನು ಬೆಲೆ ಎಂಬುದು ಗಂಜಿನ ಹಮಾಲನಿಗೂ ಗೊತ್ತು.

ಹದಿನಾರು ಲಕ್ಷದ ಲೆಕ್ಕ

ವಿಮೆಯ ಹೆಚ್ಚುವರಿ ಕಂತು ಮಾಲಿನ ಬೆಲೆಯ ಶೇ. 0.05ರಂತೆ ಸುಮಾರು 13 ಸಾವಿರ ರೂಪಾಯಿ. ಕೆಜಿಗೆ ಐದು ಪೈಸೆಯೂ ಇಲ್ಲ. ಹಡಗಿಗೇ ಮಾಡಿಸುವ ಯುದ್ಧ ವಿಮೆಯ ದರ ಕೆಂಪು ಸಮುದ್ರದಲ್ಲಿ ಹಡಗಿನ ಮೌಲ್ಯದ ಶೇ. 0.7ರಿಂದ 1ರವರೆಗೆ ಏರಿತ್ತೆಂಬ ಸುದ್ದಿ ಆಗ ಎಲ್ಲೆಡೆ ಇತ್ತು, ನಿಜವೂ ಹೌದು. ಆದರೆ ಅದು ಆ ಸಮುದ್ರದೊಳಗೆ ಹೋಗುವ ಹಡಗಿನವರು ಕಟ್ಟುವ ಹಣ.

ಹಡಗು ಬಾಡಿಗೆಯ ಮೇಲಿನ ಹೆಚ್ಚುವರಿ ಶುಲ್ಕವೆಂದು ಕಂಟೇನರಿಗೆ 300 ಡಾಲರ್ ಹಾಕಿದ್ದರು. ಡಾಲರಿಗೆ 83 ರೂಪಾಯಿಯಂತೆ ಇದು 2 ಲಕ್ಷ 99 ಸಾವಿರ, ಕೆಜಿಗೆ 1 ರೂಪಾಯಿ 4 ಪೈಸೆ. ಹಡಗುಗಳು ಸುತ್ತು ಹಾಕಿದರೆ ಇದ್ದ ಹಡಗು, ಇದ್ದ ಖಾಲಿ ಕಂಟೇನರ್ ಡಬ್ಬಿಗಳೇ ಎಲ್ಲ ಕಡೆ ಕಡಿಮೆ ಬೀಳುತ್ತವೆ. ಹಾಗಾಗಿ ಸುತ್ತು ಹಾಕದ ಮಾರ್ಗದ ಬಾಡಿಗೆಯೂ ಏರುತ್ತದೆ.

ಬ್ಯಾಂಕಿನ ಬಡ್ಡಿ ಮೂರನೆಯದು. ಹಡಗು ಹೊರಟು ಕಾಗದ ಕೈಗೆ ಬಂದ ದಿನ ಗಿರಣಿ ಪೂರ್ತಿ ಹಣ ಕಟ್ಟಿತ್ತು. ಆನಂತರದ ವಿಳಂಬ 32 ದಿನ. ಶೇ. 12ರ ಬಡ್ಡಿಯಲ್ಲಿ ಇದು 2 ಲಕ್ಷ 73 ಸಾವಿರ, ಕೆಜಿಗೆ 95 ಪೈಸೆ.

ಇನ್ನುಳಿದ ದೊಡ್ಡ ಮೊತ್ತ ನಮ್ಮದೇ ಕೈಯಿಂದ ಆದದ್ದು. ಬೆಂಗಳೂರಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು 60 ಟನ್ ಬೇಳೆಗೆ ಬೇಕಾದ ಸುಮಾರು 85 ಟನ್ ಕಾಳನ್ನು ಡಿಸೆಂಬರಿನಲ್ಲಿ ಮುಂಬೈ ಮತ್ತು ಸ್ಥಳೀಯ ಪೇಟೆಯಿಂದ ಕೆಜಿಗೆ 12 ರೂಪಾಯಿ ಹೆಚ್ಚು ಕೊಟ್ಟು ಕೊಳ್ಳಬೇಕಾಯಿತು: 10 ಲಕ್ಷ 20 ಸಾವಿರ.

ಈಗ ಪಾಲು ಹಂಚಿ ನೋಡೋಣ. ನಕಾಲಾದ 24 ದಿನಗಳ ತಡವೊಂದೇ ಇದ್ದಿದ್ದರೂ ಮಾಲು ಗಿರಣಿಗೆ ಬರುತ್ತಿದ್ದದ್ದು ಜನವರಿ 8ಕ್ಕೆ. ಡಿಸೆಂಬರ್ 31ರ ಗಡುವು ಆಗಲೇ ತಪ್ಪಿಹೋಗಿತ್ತು. ಸಮುದ್ರ ಹಾಲಿನಂತೆ ಶಾಂತವಾಗಿದ್ದರೂ ಆ 10 ಲಕ್ಷ ಹೋಗುತ್ತಿತ್ತು. ಕೆಂಪು ಸಮುದ್ರದ ಬಿಕ್ಕಟ್ಟಿನ ಪಾಲಿಗೆ ಬಾಡಿಗೆಯ ಬಹುಭಾಗ ಮತ್ತು 21 ದಿನದ ಬಡ್ಡಿ ಸೇರುತ್ತವೆ. ಶುದ್ಧ ಸೊಮಾಲಿ ಕಡಲ್ಗಳ್ಳತನಕ್ಕೆ ನೇರವಾಗಿ ಕಟ್ಟಬಹುದಾದದ್ದು 3 ದಿನದ ಬಡ್ಡಿ ಮತ್ತು ವಿಮೆಯ ಚೂರು, ಎಲ್ಲ ಸೇರಿ 40 ಸಾವಿರ ರೂಪಾಯಿಯೊಳಗೆ. ಈ ಸಂಖ್ಯೆಯನ್ನು ಮಾಲೀಕರ ಮುಂದಿಟ್ಟಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ಉಳಿದಿದ್ದು ಯಾರ್ ತಿಂದ್ರು?" ಎಂದರು.

ಅದಕ್ಕೆ ಉತ್ತರ ಮುನೀಮರ ಮೊಬೈಲಿನಲ್ಲಿತ್ತು. ದೊಡ್ಡ ಹಡಗು ಕಂಪನಿಗಳು ಕೆಂಪು ಸಮುದ್ರ ಬಿಟ್ಟ ಸುದ್ದಿ ಬಂದ ವಾರ, ಮುಂಬೈಯಲ್ಲಿ ಆಗಲೇ ಗೋದಾಮು ಸೇರಿದ್ದ ತಯಾರ ಮಾಲಿನ ದರವನ್ನು ಮಾರಾಟಗಾರರೊಬ್ಬರು ಏರಿಸಿ ಸಂದೇಶ ಕಳಿಸಿದ್ದರು. ಕಾರಣ "ಸಮುದ್ರದಲ್ಲಿ ಗಲಾಟೆ". ಆ ಮಾಲು ಗಲಾಟೆಗೆ ಮುಂಚೆಯೇ ಸುರಕ್ಷಿತವಾಗಿ ದಂಡೆ ಸೇರಿತ್ತು. ನಾವು ಹೆಚ್ಚು ಕೊಟ್ಟ 12 ರೂಪಾಯಿಯಲ್ಲಿ ಬರದ ಕೊರತೆ ಎಷ್ಟು, ಈ ಸುದ್ದಿಯ ಬೆಲೆ ಎಷ್ಟು ಎಂದು ಬೇರ್ಪಡಿಸಲು ಸಾಧ್ಯವಿಲ್ಲ. ಆದರೆ ಕಡಲ್ಗಳ್ಳತನ ವ್ಯಾಪಾರಕ್ಕೆ ಮಾಡುವ ಹಾನಿಯಲ್ಲಿ ಕಳ್ಳನ ಕೈಗೆ ಸೇರುವ ಹಣ ಅತಿ ಸಣ್ಣ ಭಾಗ ಎಂಬುದಕ್ಕೆ ದೊಡ್ಡ ಲೆಕ್ಕವೂ ಇದೆ. ವಿಶ್ವಬ್ಯಾಂಕ್ 2013ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2005ರ ಏಪ್ರಿಲ್‌ನಿಂದ 2012ರ ಡಿಸೆಂಬರ್‌ವರೆಗೆ ಸೊಮಾಲಿ ಕಳ್ಳರು 179 ಹಡಗುಗಳನ್ನು ಹಿಡಿದು ಪಡೆದ ಒತ್ತೆಹಣ 33.9ರಿಂದ 41.3 ಕೋಟಿ ಡಾಲರ್. ಅದರಿಂದ ಜಗತ್ತಿನ ವ್ಯಾಪಾರಕ್ಕೆ ಬಿದ್ದ ಹೊರೆ ವರ್ಷಕ್ಕೆ 1,800 ಕೋಟಿ ಡಾಲರ್. ಎಂಟು ವರ್ಷದ ಲೂಟಿಯ ನಲವತ್ತು ಪಟ್ಟಿಗೂ ಹೆಚ್ಚು ಹಣ ಒಂದೇ ವರ್ಷದಲ್ಲಿ ಸುತ್ತು ದಾರಿ, ಇಂಧನ, ಕಾವಲು, ವಿಮೆ ಮತ್ತು ಕಾಯುವಿಕೆಗೆ ಸುರಿದುಹೋಯಿತು.

ದಾರಿಯ ಮೇಲಿನ ಅಪಾಯ ನಿಜವೇ

ನಮ್ಮ ಪಾಲಿಗೆ 3 ದಿನ ಮಾತ್ರ ಬಿದ್ದಿತೆಂದು ಅಪಾಯವನ್ನೇ ಸುಳ್ಳೆನ್ನಬಾರದು. ನಮ್ಮ ಮಾಲು ಬಂದು ಒಂದು ತಿಂಗಳ ಬಳಿಕ, 2024ರ ಮಾರ್ಚ್ 12ರಂದು, ಮೊಜಾಂಬಿಕ್‌ನ ಮಪುತೊದಿಂದ ಸಂಯುಕ್ತ ಅರಬ್ ಎಮಿರೇಟ್ಸ್‌ಗೆ 55 ಸಾವಿರ ಟನ್ ಕಲ್ಲಿದ್ದಲು ಒಯ್ಯುತ್ತಿದ್ದ ಬಾಂಗ್ಲಾದೇಶದ ಎಂ.ವಿ. ಅಬ್ದುಲ್ಲಾ ಹಡಗನ್ನು ಮೊಗದಿಶುವಿನಿಂದ ಸುಮಾರು 600 ನಾಟಿಕಲ್ ಮೈಲಿ ಪೂರ್ವಕ್ಕೆ ಕಳ್ಳರು ಹಿಡಿದರು. 23 ಮಂದಿ ಸಿಬ್ಬಂದಿ ಒಂದು ತಿಂಗಳ ಮೇಲೆ ಬಿಡುಗಡೆಯಾದರು. ಅದೇ ದೇಶ, ಹೆಚ್ಚುಕಡಿಮೆ ಅದೇ ದಾರಿ. ವ್ಯತ್ಯಾಸವಿದ್ದದ್ದು ಹಡಗಿನ ಬಗೆಯಲ್ಲಿ. ಕಲ್ಲಿದ್ದಲು, ಉಕ್ಕು, ಧಾನ್ಯವನ್ನು ಸಡಿಲವಾಗಿ ತುಂಬಿಕೊಂಡು ಹೋಗುವ ಹಡಗು ಗಂಟೆಗೆ 12–13 ನಾಟಿಕಲ್ ಮೈಲಿ ಸಾಗುತ್ತದೆ, ಭಾರಕ್ಕೆ ತಗ್ಗಿ ಅದರ ಅಂಚು ನೀರಿಗೆ ಹತ್ತಿರವಾಗಿರುತ್ತದೆ. ಏಣಿ ಸಿಕ್ಕಿಸಿ ಹತ್ತುವುದು ಸುಲಭ. ಕಂಟೇನರ್ ಹಡಗು ಎತ್ತರ, ವೇಗವೂ ಹೆಚ್ಚು. ಗಂಟೆಗೆ 18 ನಾಟಿಕಲ್ ಮೈಲಿ ಮೀರಿ ಓಡುವ ಹಡಗನ್ನು ಕಳ್ಳರು ಹತ್ತಿದ ಉದಾಹರಣೆ ಇಲ್ಲವೆಂದು ಸೊಮಾಲಿ ಹಾವಳಿಯ ಕಾಲದ ನೌಕಾ ಮಾರ್ಗಸೂಚಿಗಳು ದಾಖಲಿಸಿದ್ದವು. ಆದರೆ ವೇಗಕ್ಕೂ ಬೆಲೆಯಿದೆ: ವೇಗ ತುಸು ಹೆಚ್ಚಿದರೆ ಇಂಧನದ ಖರ್ಚು ಅದರ ಹಲವು ಪಟ್ಟು ಏರುತ್ತದೆ.

ಭಾರತೀಯ ನೌಕಾಪಡೆಯ ಪಾತ್ರವನ್ನೂ ಇಲ್ಲಿ ಹೇಳಬೇಕು. ಜನವರಿ ಮೊದಲ ವಾರದಲ್ಲಿ ಲೀಲಾ ನಾರ್ಫೋಕ್ ಹಡಗಿನಿಂದ 15 ಭಾರತೀಯರೂ ಸೇರಿದಂತೆ 21 ಮಂದಿಯನ್ನು ಐಎನ್‌ಎಸ್ ಚೆನ್ನೈ ಕಾಪಾಡಿತು. ಮಾರ್ಚ್ 16ರಂದು ಐಎನ್‌ಎಸ್ ಕೋಲ್ಕತಾ, ಭಾರತದ ದಂಡೆಯಿಂದ ಸುಮಾರು 2,600 ಕಿಲೋಮೀಟರ್ ದೂರದಲ್ಲಿ, 40 ಗಂಟೆಗಳ ಕಾರ್ಯಾಚರಣೆಯ ಬಳಿಕ ಅದೇ ರುಯೆನ್ ಹಡಗನ್ನು ಮರಳಿ ವಶಕ್ಕೆ ಪಡೆದು, 17 ಸಿಬ್ಬಂದಿಯನ್ನು ಬಿಡಿಸಿ, 35 ಕಡಲ್ಗಳ್ಳರನ್ನು ಹಿಡಿದು ಮುಂಬೈ ಪೊಲೀಸರಿಗೆ ಒಪ್ಪಿಸಿತು. 2022ರ ಕಡಲ್ಗಳ್ಳತನ ವಿರೋಧಿ ಕಾಯ್ದೆ ಇಲ್ಲದಿದ್ದರೆ ಅವರನ್ನು ಇಲ್ಲಿ ವಿಚಾರಣೆಗೆ ನಿಲ್ಲಿಸುವುದು ಹಿಂದಿನಂತೆ ತೊಡಕಾಗುತ್ತಿತ್ತು.

ಇಂಥ ರಕ್ಷಣೆ ಹೆಚ್ಚಾಗಿ ದೊಡ್ಡ ಹಡಗುಗಳಿಗೆ ದಕ್ಕುತ್ತದೆ. ಕರಾವಳಿಯ ಸಣ್ಣ ವ್ಯಾಪಾರ ತನ್ನ ದಾರಿಯನ್ನೇ ಕಳೆದುಕೊಳ್ಳುತ್ತದೆ. 2010ರ ಮಾರ್ಚಿನಲ್ಲಿ ಗುಜರಾತ್ ಮೂಲದ ಮರದ ವಹಾಣಗಳನ್ನು ಕಳ್ಳರು ಸಾಲಾಗಿ ಹಿಡಿದಾಗ, ಓಮನ್‌ನ ಸಲಾಲಾ ಮತ್ತು ಮಾಲ್ಡೀವ್ಸ್‌ನ ಮಾಲೆಯನ್ನು ಕೂಡಿಸುವ ಗೆರೆಯ ದಕ್ಷಿಣಕ್ಕೂ ಪಶ್ಚಿಮಕ್ಕೂ ಅವು ಹೋಗಬಾರದೆಂದು ಭಾರತದ ಹಡಗು ಮಹಾನಿರ್ದೇಶನಾಲಯ ನಿಷೇಧಿಸಿತು. ಅಕ್ಕಿ, ಸಕ್ಕರೆ, ಗೋಧಿ ತುಂಬಿ ಆಫ್ರಿಕಾದ ಸಣ್ಣ ಬಂದರುಗಳಿಗೆ ಹೋಗುತ್ತಿದ್ದ ಆ ಹಡಗುಗಳವರಿಗೆ ಕಾವಲುಗಾರರನ್ನು ಇಟ್ಟುಕೊಳ್ಳುವ ಶಕ್ತಿಯೂ ಇಲ್ಲ, ಓಡುವ ವೇಗವೂ ಇಲ್ಲ.

ಅದೇ 2010ರಲ್ಲಿ ಹಡಗು ಉದ್ಯಮವು ಅಪಾಯದ ವಲಯವನ್ನು ಪೂರ್ವಕ್ಕೆ 78 ಡಿಗ್ರಿ ರೇಖಾಂಶದವರೆಗೆ ವಿಸ್ತರಿಸಿತ್ತು. ಕಲಬುರಗಿ ಇರುವುದು ಸುಮಾರು 76.8 ಡಿಗ್ರಿಯಲ್ಲಿ, ಬೀದರ್ 77.5ರಲ್ಲಿ. ಆ ಗೆರೆಯನ್ನು ನೆಲದ ಮೇಲೂ ಎಳೆದಿದ್ದರೆ ನಮ್ಮ ಗಂಜು, ಶರಣಬಸವೇಶ್ವರರ ಗುಡಿ, ಬೀದರಿನ ಕೋಟೆ ಎಲ್ಲವೂ ಸೊಮಾಲಿ ಕಡಲ್ಗಳ್ಳರ ವಲಯದೊಳಗೇ ಬೀಳುತ್ತಿದ್ದವು. ನಕ್ಕು ಬಿಡಬಹುದಾದ ಮಾತು. ಆದರೆ ಅರಬ್ಬೀ ಕಡಲಿನ ಬಹುಪಾಲನ್ನು ಅಪಾಯದ ವಲಯವೆಂದು ಬರೆದದ್ದರಿಂದ ನಮ್ಮ ಪಶ್ಚಿಮ ಬಂದರುಗಳಿಗೆ ಬರುವ ಮಾಲಿನ ವಿಮೆ ಏರಿದ್ದು ನಗುವ ಮಾತಾಗಿರಲಿಲ್ಲ. 2015ರ ಡಿಸೆಂಬರಿನಲ್ಲಿ ಗೆರೆ 65 ಡಿಗ್ರಿಗೆ ಹಿಂದೆ ಸರಿಯಿತು, 2023ರ ಜನವರಿ 1ರಂದು ವಲಯವನ್ನೇ ತೆಗೆದುಹಾಕಲಾಯಿತು. ಆ ವರ್ಷ ಮುಗಿಯುವ ಮೊದಲೇ ರುಯೆನ್ ಅಪಹರಣವಾಯಿತು.

ಒಳನಾಡಿನವರು ಸಮುದ್ರದ ಕಳ್ಳರಿಗಾಗಿ ತಲೆ ಕೆಡಿಸಿಕೊಂಡದ್ದು ಇದೇ ಮೊದಲೇನಲ್ಲ. ಬೀದರಿನ ಬಹಮನಿ ವಜೀರ ಮಹಮೂದ್ ಗಾವಾನ್ ಮೂಲತಃ ವ್ಯಾಪಾರಿ. ಸುಲ್ತಾನರ ಸೈನ್ಯಕ್ಕೆ ಬೇಕಾದ ಕುದುರೆಗಳು ಹೋರ್ಮುಜ್ ಮತ್ತು ಅರಬ್ ದಂಡೆಯಿಂದ ಚೌಲ್, ದಾಭೋಲ್ ಬಂದರುಗಳಿಗೆ ಬರುತ್ತಿದ್ದವು. ಖೇಳ್ಣಾ ಮತ್ತು ಸಂಗಮೇಶ್ವರದ ಕೊಂಕಣಿ ನಾಯಕರ ದೋಣಿಗಳು ವ್ಯಾಪಾರಿ ಹಡಗುಗಳನ್ನು ತಡೆದು ದೋಚುತ್ತಿವೆ ಎಂಬುದೇ ಗಾವಾನ್ 1469ರ ನಂತರ ಘಟ್ಟ ಇಳಿದು ಕೊಂಕಣದ ಮೇಲೆ ದಂಡೆತ್ತಿ ಹೋಗಲು, 1472ರಲ್ಲಿ ಗೋವೆಯನ್ನು ವಶಪಡಿಸಿಕೊಳ್ಳಲು ಒಂದು ಮುಖ್ಯ ಕಾರಣ. ದೋಚಿಸಿಕೊಂಡವರು ಬರೆದ ಇತಿಹಾಸದಲ್ಲಿ ಕಳ್ಳ ಎನಿಸಿದವನು ತನ್ನ ದಂಡೆಯಲ್ಲಿ ಸುಂಕ ಎತ್ತುವ ಒಡೆಯನೂ ಆಗಿದ್ದಿರಬಹುದು ಎಂಬುದನ್ನೂ ಮರೆಯಬಾರದು.

ಮಾಲು ಬಂದ ದಿನ

ಫೆಬ್ರವರಿ 9ರ ಮಧ್ಯಾಹ್ನ ಮೊದಲ ಲಾರಿಯ ತಾಡಪಾಲು ಬಿಚ್ಚಿದಾಗ ನಾನು ಅಲ್ಲಿದ್ದೆ. ಹಮಾಲರು ಚೀಲಕ್ಕೆ ಬಂಬು ಚುಚ್ಚಿ ತೆಗೆದ ಕಾಳನ್ನು ಮಾಲೀಕರು ಅಂಗೈಯಲ್ಲಿ ಹರಡಿ, ಒಂದನ್ನು ಹಲ್ಲಿನಲ್ಲಿ ಕಚ್ಚಿ ನೋಡಿದರು. ಹೆಚ್ಚಿನ ಚೀಲಗಳು ಚೆನ್ನಾಗಿದ್ದವು. ಎರಡು ಕಂಟೇನರುಗಳ ಮೇಲಿನ ಸಾಲಿನ ಚೀಲಗಳಲ್ಲಿ ಮಾತ್ರ ಕಾಳು ಅಂಟಿಕೊಂಡು ಹೆಂಟೆಯಾಗಿ, ಮುಗ್ಗಲು ವಾಸನೆ ಬರುತ್ತಿತ್ತು. ಮೂರು ವಾರ ಬಂದರಿನ ಬಿಸಿಲಿನಲ್ಲಿ ನಿಂತ ಡಬ್ಬಿ ಹಗಲು ಕಾದು ರಾತ್ರಿ ತಣಿದಾಗ, ಕಾಳಿನಿಂದಲೇ ಎದ್ದ ತೇವ ತಗಡಿನ ಚಾವಣಿಗೆ ಹತ್ತಿ ಹನಿಹನಿಯಾಗಿ ಕೆಳಗೆ ಬೀಳುತ್ತದೆ. ಕೆಲವು ಕಾಳುಗಳಲ್ಲಿ ಕುಟ್ಟೆ ಹುಳು ಕೊರೆದ ಸೂಜಿಮೊನೆಯಷ್ಟು ತೂತುಗಳಿದ್ದವು. ಅಂಥ ಕಾಳು ಗಿರಣಿಗೆ ಹೋದರೆ ಫಟ್ಕಾ ಆಗದೆ ನುಚ್ಚಾಗಿ ಉದುರುತ್ತದೆ.

ಅದೇ ಹೊತ್ತಿಗೆ ಗಂಜಿನ ಅಂಗಳದಲ್ಲಿ ಊರಿನ ಹೊಸ ತೊಗರಿಯ ರಾಶಿಗಳು ಬಿದ್ದಿದ್ದವು. ನನಗೆ ಬಹಳ ಮುಖ್ಯವಾಗಿ ಕಂಡದ್ದು ಇದು. ಮೊಜಾಂಬಿಕ್‌ನಲ್ಲಿ ಸುಗ್ಗಿ ಮುಗಿದು ಮಾಲು ಹಡಗೇರುವುದು ಸಾಮಾನ್ಯವಾಗಿ ಆಗಸ್ಟಿನಿಂದ. ನಮ್ಮ ರಾಶಿ ಡಿಸೆಂಬರಿನಿಂದ ಫೆಬ್ರವರಿ. ಆಮದು ಮಾಲು ವೇಳೆಗೆ ಬಂದರೆ ನಮ್ಮ ಗಿರಣಿಗಳ ಖಾಲಿ ತಿಂಗಳುಗಳನ್ನು ತುಂಬುತ್ತದೆ, ರೈತನಿಗೆ ಅಡ್ಡ ಬರುವುದಿಲ್ಲ. ತಡವಾಗಿ ಬಂದರೆ ಅವನ ರಾಶಿಯ ಪಕ್ಕದಲ್ಲೇ ಬಂದು ಬೀಳುತ್ತದೆ. ಸಮುದ್ರದ ಬಾಡಿಗೆ ಏರಿದರೆ ಹೊರಗಿನ ತೊಗರಿ ತುಟ್ಟಿಯಾಗಿ ಊರಿನ ತೊಗರಿಗೆ ಬೆಲೆ ಬರುತ್ತದೆ, ಆದ್ದರಿಂದ ಕಡಲ್ಗಳ್ಳ ರೈತನ ನಂಟ ಎಂದು ಅಡತಿಯೊಬ್ಬರು ತಮಾಷೆ ಮಾಡಿದ್ದರು. ಬೆಲೆಯ ಮಟ್ಟಿಗೆ ಅದರಲ್ಲಿ ಸ್ವಲ್ಪ ಹುರುಳಿದೆ, ಕಾಲದ ಮಟ್ಟಿಗೆ ಇಲ್ಲ. ಆ ವರ್ಷ ಬರದಿಂದ ಆವಕ ಕಡಿಮೆಯಿದ್ದು ದರ ಕ್ವಿಂಟಲಿಗೆ 7,000 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಮೇಲೆಯೇ ಇತ್ತು, ರೈತನಿಗೆ ಪೆಟ್ಟು ಬೀಳಲಿಲ್ಲ. ಬೆಳೆ ಚೆನ್ನಾಗಿ ಬಂದ ವರ್ಷ ಇಂಥ ತಡವಾದರೆ ಮಾತು ಬೇರೆಯೇ.

ದಾಸ್ತಾನು ಮಿತಿಯದ್ದೂ ಒಂದು ಪಾತ್ರವಿತ್ತು. 2023ರ ಸೆಪ್ಟೆಂಬರ್ 25ರ ಕೇಂದ್ರದ ಆದೇಶ ಗಿರಣಿಗಳ ದಾಸ್ತಾನನ್ನು ಒಂದು ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸಾಮರ್ಥ್ಯದ ಶೇ. 10, ಇವೆರಡರಲ್ಲಿ ಹೆಚ್ಚಿನದಕ್ಕೆ ಇಳಿಸಿತ್ತು. ಅಕ್ರಮ ದಾಸ್ತಾನು ತಡೆಯುವ ಉದ್ದೇಶ ಸರಿಯೇ. ಆದರೆ ಹಡಗು ಎರಡು ತಿಂಗಳು ತಡವಾಗಬಲ್ಲ ಕಾಲದಲ್ಲಿ ಒಂದು ತಿಂಗಳ ಕಾಳಿಟ್ಟುಕೊಂಡ ಗಿರಣಿ ಪೇಟೆಯ ಕೈಗೆ ಸಿಕ್ಕಿಬೀಳುತ್ತದೆ. ನವೆಂಬರಿನಲ್ಲಿ ಮಿತಿಯನ್ನು ಸಡಿಲಿಸುವ ವೇಳೆಗೆ ನಮ್ಮ ಗಿರಣಿ ತನ್ನ ಹಳೆಯ ಕಾಳನ್ನು ಮಾರಿ ಮುಗಿಸಿತ್ತು.

ಮುಂದಿನ ಹಂಗಾಮಿಗೆ ಗಿರಣಿ ತನ್ನ ರೀತಿಯನ್ನು ಬದಲಿಸಿಕೊಂಡಿತು. ಹನ್ನೆರಡು ಕಂಟೇನರ್ ಒಟ್ಟಿಗೆ ಕೊಳ್ಳದೆ ನಾಲ್ಕು ನಾಲ್ಕಾಗಿ ಕೊಳ್ಳುವುದು. ಅರ್ಧದಷ್ಟನ್ನು ಮುಂಬೈಯ ತಯಾರ ಮಾಲಿನಲ್ಲೇ ತೆಗೆಯುವುದು. ಚೀಲ ಅಂಗಳಕ್ಕೆ ಬೀಳುವ ತನಕ ಅದರ ಬೇಳೆಗೆ ದರ ಕಟ್ಟದಿರುವುದು. ತಯಾರ ಮಾಲು ಕೆಜಿಗೆ ಎರಡು ಮೂರು ರೂಪಾಯಿ ತುಟ್ಟಿ ಬೀಳುತ್ತದೆ ಎಂದು ಮಾಲೀಕರ ಮಗ ಗೊಣಗಿದ್ದುಂಟು. ಕಳೆದ ವ್ಯವಹಾರದಲ್ಲಿ ಕೆಜಿಗೆ 5 ರೂಪಾಯಿ 57 ಪೈಸೆ ಹೆಚ್ಚು ಬಿದ್ದದ್ದನ್ನು ತೋರಿಸಿದ ಮೇಲೆ ಗೊಣಗಾಟ ನಿಂತಿತು.

ಹಸಿಯಾದ ಚೀಲಗಳಿಗೆ ವಿಮಾ ಕಂಪನಿ ಸರ್ವೇಯರ್ ಕಳಿಸಿ, ಕೆಲ ತಿಂಗಳ ಬಳಿಕ ಪರಿಹಾರ ಕೊಟ್ಟಿತು. ಬಡ್ಡಿ ಮತ್ತು ತುಟ್ಟಿ ಖರೀದಿಗೆ ಸಲ್ಲಿಸಿದ ಕೋರಿಕೆಯನ್ನು ವಿಳಂಬದ ಸಾಲಿಗೆ ಕೆಂಪು ಗೆರೆ ಎಳೆದು ಹಿಂದಿರುಗಿಸಿತು. ಆ ಕಾಗದ ಈಗ ಮುನೀಮರ ಕಡತದಲ್ಲಿ, ಡಿಸೆಂಬರಿನಿಂದ ಫೆಬ್ರವರಿವರೆಗಿನ ಮೂರು ಕ್ಯಾಲೆಂಡರ್ ಹಾಳೆಗಳ ಜೊತೆ ಪಿನ್ನು ಚುಚ್ಚಿಕೊಂಡು ಕೂತಿದೆ.